ಆಮೆಯನ್ನು ಬಿಟ್ಟು ಊರಿಗೆ ಹೋಗುವುದು

ರಜೆ ಬಂತೆಂದರೆ ಜನ ಮನೆಗೆ ಬೀಗ ಹಾಕಿ, ಅದನ್ನೊಮ್ಮೆ ಜಗ್ಗಿ ನೋಡಿ ಬಸ್ಸು ಹತ್ತುತ್ತಾರೆ. ನನಗೆ ಆ ಭಾಗ್ಯವಿರಲಿಲ್ಲ. ನಾನು ಆಮೆ ಸಾಕಿದವನು. ನಾಯಿ ಸಾಕಿದವನಿಗೆ ಊರಲ್ಲಿ ಮರ್ಯಾದೆ, ಗಿಳಿ ಸಾಕಿದವನಿಗೆ ರಸಿಕನೆಂಬ ಹೆಸರು. ಆಮೆ ಸಾಕಿದ ಹೈಸ್ಕೂಲು ಮೇಷ್ಟ್ರನ್ನು ಮಾತ್ರ ಬಳ್ಳಾರಿ ಬ್ರೂಸ್‌ಪೇಟೆಯ ನಮ್ಮ ಓಣಿಯವರು ‘ಪಾಪ’ ಎನ್ನುವ ಹಾಗೆ ನೋಡುತ್ತಿದ್ದರು.

ಅದು ಸಿರುಗುಪ್ಪ ಕಡೆಯ ಕರೂರಿನ ಗದ್ದೆಯಲ್ಲಿ ಸಿಕ್ಕಿದ್ದು. ಅಂಗೈಯಗಲದ, ಮೂತಿ ಚೂಪಾದ ಪ್ರಾಣಿ. ಹಿತ್ತಲಲ್ಲಿ ತಗಡಿನ ಟಬ್ಬೊಂದರಲ್ಲಿ ಅದರ ಸಂಸಾರ. ಸಂಜೆ ಶಾಲೆಯಿಂದ ಬಂದು ಪಕ್ಕದಲ್ಲಿ ಕೂತರೆ ನೀರಿನಿಂದ ಮೂಗು ಮೇಲೆತ್ತುತ್ತಿತ್ತು. ನಾನು ಹೇಳಿದ್ದನ್ನು ಆಕಳಿಸದೆ ಕೇಳುವವರು ಇಡೀ ಬಳ್ಳಾರಿಯಲ್ಲಿ ಅದನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಹಾಗಾಗಿ ನನಗೆ ಅದೆಂದರೆ ಜೀವ.

ಬೇಸಿಗೆ ರಜೆಗೆ ಹೆಂಡತಿಯ ತವರಿಗೆ, ಸಿರುಗುಪ್ಪದ ಅತ್ತೆಯ ಮನೆಗೆ ಹೋಗುವುದು ನಮ್ಮ ರೂಢಿ. ಆಮೆ ಮನೆ ಹೊಕ್ಕರೆ ಕೇಡು ಎಂಬುದು ಅತ್ತೆಯವರ ನಂಬಿಕೆ. ಬೆಟ್ಟವನ್ನೇ ಬೆನ್ನ ಮೇಲೆ ಹೊತ್ತ ದೇವರ ಅವತಾರವದು. ಗುಡಿಯ ನೆಲದಲ್ಲಿ ಕಲ್ಲಿನ ಆಮೆ ಕಂಡರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಉಸಿರಾಡುವ ಆಮೆಗೆ ಮಾತ್ರ ಹೊಸ್ತಿಲಾಚೆಯೇ ಜಾಗ. ಈ ವಾದವನ್ನು ಅತ್ತೆಯವರ ಮುಂದೆ ಮಂಡಿಸುವ ಧೈರ್ಯ ನನಗಾಗಲಿಲ್ಲ.

ಕೊನೆಗೆ ರಜೆ ಮುಗಿಯುವವರೆಗೆ ಅದನ್ನು ನೋಡಿಕೊಳ್ಳಲು ಪಕ್ಕದ ಮನೆಯ ಗೌರಮ್ಮನವರು ಒಪ್ಪಿದರು. “ಹುಳಾ ಗಿಳಾ ನಾ ಮುಟ್ಟಾಂಗಿಲ್ಲ ನೋಡ್ರಿ ಮೇಷ್ಟ್ರ. ಅನ್ನ, ಸೊಪ್ಪು ಅಂದ್ರ ಹಾಕ್ತೀನಿ,” ಎಂದರು. ಟಬ್ಬು ಅವರ ಹಿತ್ತಲು ಸೇರಿತು. ಅವರ ಯಜಮಾನರದು ಬಟ್ಟೆ ವ್ಯಾಪಾರ. ಸಿರುಗುಪ್ಪಕ್ಕೆ ಬಟ್ಟೆಯ ಗಂಟು ತರುವ ಆಳಿನ ಕೈಯಲ್ಲಿ ಸುದ್ದಿ ಕಳಿಸಿರೆಂದು ಕೇಳಿಕೊಂಡೆ. ಆತ ಬಂದಾಗಲೆಲ್ಲ “ಆಮಿ ಆರಾಮ ಐತಂತ್ರಿ ಸಾರ್,” ಎನ್ನುತ್ತಿದ್ದ. ನಾನು ಮಾವಿನಹಣ್ಣಿನ ಸೀಕರಣೆ ಉಂಡು ಗೊರಕೆ ಹೊಡೆಯುತ್ತಿದ್ದೆ.

ರಜೆ ಮುಗಿಸಿ ಬಂದು ನೋಡುತ್ತೇನೆ, ಗೌರಮ್ಮನವರ ಹಿತ್ತಲಲ್ಲಿ ಟಬ್ಬು ಬೋರಲು ಬಿದ್ದಿದೆ. ಅವರ ಮುಖ ಬಾಡಿದೆ.

“ನೀವು ಹೋದ ಮುಂದಿನ ವಾರನ ಗ್ರಹಣ ಹಿಡಿದಿತ್ತಲ್ಲ, ಅದು ಬಿಟ್ಟ ಮ್ಯಾಲ ಮನ್ಯಾಗಿನ ನೀರೆಲ್ಲಾ ಚೆಲ್ಲಿದೆ ಮೇಷ್ಟ್ರ. ಕೊಡ, ಹಂಡೆ, ಬಕೀಟು... ಅದೇ ಕೈಲೆ ಇದನ್ನೂ ಬಗ್ಗಿಸಿಬಿಟ್ಟೆ. ನೆನಪಾಗಿ ಓಡಿ ಬಂದ್ರ ಆಮಿ ಇಲ್ಲ.”

ಗ್ರಹಣ ಕಂಡ ನೀರನ್ನು ಇಟ್ಟುಕೊಳ್ಳುವ ಪದ್ಧತಿ ನಮ್ಮ ಕಡೆ ಇಲ್ಲ. ನಲ್ಲಿಯಲ್ಲಿ ಹನಿ ಬಾರದ ದಿನವೂ ಚೆಲ್ಲುವುದೇ. ಪಾಪ, ಆಕೆ ಓಣಿಯ ಕೊನೆಯವರೆಗೆ ಚರಂಡಿ ಹುಡುಕಿಸಿದ್ದರು, ಕುರುಗೋಡಿನ ಬಸವಣ್ಣನಿಗೆ ಕಾಯಿ ಹರಸಿಕೊಂಡಿದ್ದರು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಆಮೆಗಾಗಿ ಮೇಷ್ಟ್ರು ಅತ್ತರಂತೆ ಎಂದು ಓಣಿಯೆಲ್ಲ ಸುದ್ದಿಯಾದೀತೆಂದು, ಪ್ರಯಾಣದ ಧೂಳು ತೊಳೆಯುವ ನೆಪದಲ್ಲಿ ಅಲ್ಲೇ ಒಣಗಿದ ಬಸಳೆ ಪಾತಿಯ ಹತ್ತಿರ ನಿಂತು ಕೈಕಾಲಿಗೆ ನೀರು ಹಾಕಿಕೊಂಡೆ. ಮುಖಕ್ಕೆ ತುಸು ಹೆಚ್ಚಿಗೇ ಹಾಕಿಕೊಂಡೆ.

ಕಾಲ ಬಳಿ ಮಣ್ಣು ಅಲುಗಿತು. ಮೆಲ್ಲಗೆ ಬಿರಿದು, ಚೂಪು ಮೂಗೊಂದು ಹೊರಬಂತು. ನೀರು ಆರಿದರೆ ಈ ಜಾತಿಯ ಆಮೆ ಮಣ್ಣಿನೊಳಗೆ ಹೂತುಕೊಂಡು ಮಳೆಗೆ ಕಾಯುತ್ತದೆ. ನಾನೇ ವರ್ಷವರ್ಷ ಒಂಬತ್ತನೇ ಕ್ಲಾಸಿಗೆ ಮಾಡುವ ಪಾಠ, ಸಮಯಕ್ಕೆ ನೆನಪಾಗಬೇಕಲ್ಲ. ಹೋದ ಜೀವ ಬಂದಂತಾಯಿತು ನನಗೆ. ಗೌರಮ್ಮನವರು ಅಲ್ಲೇ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು, ಹಾಗೇ ನಕ್ಕರು.

“ಮತ್ತ ಆರಾಮ ಐತಿ ಅಂತ ಹೇಳಿ ಕಳಿಸ್ತಿದ್ರಲ್ಲರೀ?” ಎಂದೆ.

“ರಜಾಕ್ಕ ಹೋದೋರು ಅಲ್ಲಿ ಕುಂತು ನೀವರ ಏನ್ ಮಾಡ್ತಿದ್ರಿ? ಚಿಂತಿ ಮಾಡಾಕ ಇಲ್ಲಿ ನಾ ಒಬ್ಬಾಕಿ ಇದ್ದೆನಲ್ಲ.”

ಮುಂದಿನ ಬೇಸಿಗೆಗೂ ಆಮೆಯನ್ನು ಅವರಿಗೇ ಒಪ್ಪಿಸಿದೆ. ಹೆಂಡತಿ ‘ನಿಮಗೇನು ತಲೆ ಕೆಟ್ಟಿದೆಯೇ’ ಎಂದಳು. ಆಮೆಗೆ ಅನ್ನ ಹಾಕುವವರು ಬೇಕಾದಷ್ಟು ಜನ ಸಿಕ್ಕಾರು. ನಮ್ಮ ಚಿಂತೆಯನ್ನು ತಾವು ಇಟ್ಟುಕೊಂಡು ನಮ್ಮನ್ನು ನೆಮ್ಮದಿಯಾಗಿ ಗೊರಕೆ ಹೊಡೆಯಲು ಬಿಡುವ ನೆರೆಯವರು ಎಷ್ಟು ಮಂದಿಗೆ ಸಿಗುತ್ತಾರೆ?