ಏಲಿಯಮ್ಮನ ಬಾತುಕೋಳಿಗಳಿಗೆ ನೀರು ಸಿಕ್ಕಿದ್ದು

ಕಡಬದ ಆಚೆ ಏಲಿಯಮ್ಮನ ಮನೆಗೆ ಯಾರೂ ದಾರಿ ಕೇಳಬೇಕಾಗಿಲ್ಲ, ಬಾತುಕೋಳಿಗಳ ಗದ್ದಲವೇ ಕರೆದುಕೊಂಡು ಹೋಗುತ್ತದೆ. ಸುತ್ತಲಿನವರೆಲ್ಲ ರಬ್ಬರ್ ರಬ್ಬರ್ ಎಂದು ಓಡಿದಾಗಲೂ, ಅಪ್ಪ ಕೇರಳದಿಂದ ತಂದ ಬಾತುಕೋಳಿಯ ಹುಚ್ಚನ್ನು ಈ ಹೆಂಗಸು ಬಿಟ್ಟವಳಲ್ಲ. ಮಳೆಗಾಲದಲ್ಲಿ ಅವುಗಳನ್ನು ನೀರು ನಿಂತ ಗದ್ದೆಗೆ ಬಿಡುವುದು ಅವಳ ಕ್ರಮ. ಈ ವರ್ಷ ಸುತ್ತಲಿನ ಕೊನೆಯ ಗದ್ದೆಯನ್ನೂ ಮಣ್ಣು ತುಂಬಿಸಿ ಮುಚ್ಚಿದ್ದರು. ಭಾನುವಾರದೊಳಗೆ ಜಾಗ ಸಿಗದಿದ್ದರೆ ಅಷ್ಟನ್ನೂ ಹೋಟೆಲಿಗೆ ಕೊಡುವುದೆಂದು ಮಗ ಟೋಣಿ ಮಾತು ಕೊಟ್ಟು ಬಂದಿದ್ದ. ಏಲಿಯಮ್ಮನಿಗೆ ಅನ್ನ ಸೇರಲಿಲ್ಲ.

ಟೋಣಿಯ ಹೆಂಡತಿ ಸೋಣಿಯಾ ಉಪಗ್ರಹದ ಚಿತ್ರ ನೋಡಿ, ಮಳೆಗಾಲದ ನೀರು ಎಲ್ಲೆಲ್ಲಿ ಹರಡುತ್ತದೆಂದು ಗುರುತಿಸುವ ಕೆಲಸದವಳು. "ಅಮ್ಮಚ್ಚಿ, ನಾನು ಹುಡುಕ್ತೇನೆ" ಎಂದಳು.

"ಈ ಮೋಡದಲ್ಲಿ ಸೂರ್ಯನೇ ಕಾಣುದಿಲ್ಲ, ನಿನ್ನ ಉಪಗ್ರಹಕ್ಕೆ ಎಂತ ಕಾಣುದು ಮೋಳೆ?" ಸೊಸೆಯನ್ನು ಏಲಿಯಮ್ಮ ಮಲಯಾಳದಲ್ಲಿ 'ಮಗಳೇ' ಎಂದೇ ಕರೆಯುವುದು.

"ಇದು ಫೋಟೋ ಅಲ್ಲ, ರೇಡಾರ್. ಮೋಡ ಅದಕ್ಕೆ ಲೆಕ್ಕ ಇಲ್ಲ. ನೀರು ಉಂಟಾದ್ರೆ ಕಪ್ಪು ಕಾಣ್ತದೆ."

ರಾಮಕುಂಜದ ಕಡೆ ದೊಡ್ಡದೊಂದು ಕಪ್ಪು ಕಲೆ ಸಿಕ್ಕಿತು. ಮೊದಲು ನೋಡಿ ಬರುವ ಎಂದು ಸೊಸೆ ಹೇಳಿದರೆ ಅತ್ತೆ ಕೇಳಬೇಕಲ್ಲ! ಪಿಕಪ್ ತುಂಬ ಬಾತುಕೋಳಿ ಹೇರಿಸಿ, ತಾನೂ ಹತ್ತಿದಳು.

ಹೋಗಿ ನೋಡಿದರೆ ಹೊಸ ಕಾಂಕ್ರೀಟ್ ಅಂಗಳ. ವಾಲಿಬಾಲ್ ಆಡುತ್ತಿದ್ದ ಹುಡುಗರಲ್ಲಿ ಸಿದ್ದೀಕ್ ಎಂಬವನು ಪಿಕಪ್ಪಿನ ಬಾತುಕೋಳಿಗಳನ್ನು ನೋಡಿ ಚೆಂಡು ಹಿಡಿದು ನಿಂತ. "ಇದು ನಿಮ್ಮ ಟೀಮಾ ಮಾರಾಯ್ರೆ?"

ನುಣುಪಾದ ನೆಲವೂ ರೇಡಾರಿಗೆ ನೀರಿನಂತೆ ಕಪ್ಪೇ. ಸೋಣಿಯಾ ನಾಚಿ ನೀರಾದಳು. ಏಲಿಯಮ್ಮನಿಗೋ ನಗು ತಡೆಯಲಾಗಲಿಲ್ಲ. "ನೋಡಿ ಬರುವ ಅಂದದ್ದು ನೀನು, ಕೇಳದ್ದು ನಾನು. ಕಪ್ಪು ಸಾಕು. ಬೇರೆ ಎಂತ ಕಾಣ್ತದೆ ಹೇಳು."

ಸೋಣಿಯಾ ಮೊಬೈಲ್ ತೆಗೆದಳು. ಬೇಸಿಗೆಯ ಚಿತ್ರದಲ್ಲಿ ಬೂದು ಬಣ್ಣಕ್ಕಿದ್ದ ಪಕ್ಕದ ತೋಟ ಹೊಸ ಚಿತ್ರದಲ್ಲಿ ಈಗ ಬೆಳ್ಳಗೆ ಹೊಳೆಯುತ್ತಿತ್ತು. "ಅಮ್ಮಚ್ಚಿ! ಮರಗಳ ಬುಡದಲ್ಲಿ ನೀರು ನಿಂತರೆ ರೇಡಾರಿನ ಅಲೆ ನೀರಿಗೂ ಮರಕ್ಕೂ ಬಡಿದು ವಾಪಸ್ ಬರ್ತದೆ, ಹೀಗೆಯೇ ಹೊಳೆಯುದು!"

ಈ ಸಲ ಇಬ್ಬರೂ ಮೊದಲು ನಡೆದು ಹೋಗಿ ನೋಡಿದರು. ಹಿಂದೆ ಗದ್ದೆಯಾಗಿದ್ದ ತಗ್ಗು ಅಡಿಕೆ ತೋಟ, ಮೊಣಕಾಲವರೆಗೆ ನೀರು. ಅದರ ಯಜಮಾನ್ತಿ ಪರಮೇಶ್ವರಿ ಗಿಡ ತಿನ್ನುವ ಬಸವನಹುಳುಗಳನ್ನು ಬಕೆಟಿಗೆ ಹೆಕ್ಕಿ ಹೆಕ್ಕಿ ಸುಸ್ತಾಗಿ ಬದುವಿನ ಮೇಲೆ ಕೂತಿದ್ದಳು. ಬಾತುಕೋಳಿ ಬಸವನಹುಳು ತಿನ್ನುತ್ತದೆಂದು ಕೇಳಿದ್ದೇ ತಡ, "ಮಳೆ ಮುಗಿಯುವವರೆಗೆ ಇಲ್ಲೇ ಇರಲಿ ಮಾರಾಯ್ರೆ!" ಎಂದು ಬಕೆಟು ಬಿಸಾಡಿ ಎದ್ದಳು.

ಬಾತುಕೋಳಿಗಳು ನೀರಿಗಿಳಿದು ಮರಗಳ ನಡುವೆ ಮಾಯವಾದವು. ಏಲಿಯಮ್ಮನ ಕಣ್ಣು ತುಂಬಿತು.

"ನಿನ್ನ ಉಪಗ್ರಹ ಮತ್ತೆ ಬಂದಾಗ ಇವು ಅದಕ್ಕೆ ಕಾಣ್ತಾವಾ ಮೋಳೆ?"

"ಇಲ್ಲ ಅಮ್ಮಚ್ಚಿ, ಅಷ್ಟು ಸಣ್ಣದು ಕಾಣುದಿಲ್ಲ."

"ಒಳ್ಳೆದಾಯ್ತು. ಟೋಣಿಗೂ ಕಾಣುದು ಬೇಡ."