ಪುಟ್ಟಿಯ ಕಡತ

ಹೆಡ್ ಕ್ಲರ್ಕ್ ಸಾಹೇಬರ ಒಂದು ಹೆಚ್ಚುಗಾರಿಕೆ ಹೇಳಲೇಬೇಕು. ಮೂವತ್ತೆರಡು ವರ್ಷದ ನೌಕರಿಯಲ್ಲಿ ಅವರು ತಾವಾಗಿ ಒಂದೇ ಒಂದು ತೀರ್ಮಾನ ಮಾಡಿದವರಲ್ಲ. ಯಾವ ಕಡತ ಬಂದರೂ ಅಂಚಿನಲ್ಲಿ ‘ಅಭಿಪ್ರಾಯಕ್ಕಾಗಿ’ ಅಂತ ಗೀಚಿ ಪಕ್ಕದ ಮೇಜಿಗೆ ದಾಟಿಸಿಬಿಡುವುದು. ಅದು ಆಫೀಸೆಲ್ಲ ಸುತ್ತಿ ಬರುವಷ್ಟರಲ್ಲಿ ಅರ್ಜಿ ಕೊಟ್ಟವನೇ ಸುಸ್ತಾಗಿ ಮರೆತಿರುತ್ತಿದ್ದ. ಮೇಲಿನವರು ಇದನ್ನು ಎಚ್ಚರಿಕೆ ಅನ್ನುತ್ತಿದ್ದರು. ಎಚ್ಚರಿಕೆಯಂತೆ, ಮಣ್ಣಂಗಟ್ಟಿ!

ಇಂಥವರು ಪ್ರಾಣ ಇಟ್ಟುಕೊಂಡಿದ್ದು ಒಂದು ಮೊಲದ ಮೇಲೆ. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಹೆಣ್ಣು ಮೊಲ, ಹೆಸರು ಪುಟ್ಟಿ. ಸಂಜೆ ಇವರು ಬಾಗಿಲಲ್ಲಿ ಕಾಲಿಟ್ಟರೆ ಸಾಕು, ಷೂ ಲೇಸು ಕಚ್ಚಿ ಎಳೆಯುತ್ತಿತ್ತು. “ಅಯ್ಯೋ ಕಳ್ಳಿ, ಬಿಡೇ!” ಅಂತ ನಗುತ್ತಿದ್ದರು. ಹೆಂಡತಿಗೆ ಆ ನಗು ಯಾವತ್ತೂ ಸಿಕ್ಕಿರಲಿಲ್ಲ.

ಪುಟ್ಟಿಗೆ ಎರಡು ವರ್ಷವಾದಾಗ ಪ್ರಾಣಿಗಳ ಡಾಕ್ಟರಮ್ಮ ಬಿಡಿಸಿ ಹೇಳಿದರು: “ಗರ್ಭಕೋಶ ತೆಗೆಸಿಬಿಡಿ. ವಯಸ್ಸಾಗ್ತಾ ಹೆಣ್ಣು ಮೊಲಕ್ಕೆ ಅಲ್ಲಿ ಗಡ್ಡೆ ಬರೋದು ಜಾಸ್ತಿ. ಆಪರೇಷನ್ ಅಂದ್ಮೇಲೆ ಸ್ವಲ್ಪ ಅಪಾಯ ಇದ್ದೇ ಇರುತ್ತೆ. ನೀವೇ ಯೋಚಿಸಿ ಹೇಳಿ.”

‘ನೀವೇ’ ಅಂದದ್ದೇ ತಪ್ಪಾಯಿತು. ಮನೆಗೆ ಬಂದವರೇ ಸಾಹೇಬರು ಫೈಲು ತೆರೆದರು. ಎಲ್ಲರ ಅಭಿಪ್ರಾಯ ಬರಹದಲ್ಲೇ ಬೇಕು. ಮಗಳು ‘ಮಾಡಿಸಿ ಅಪ್ಪ’ ಅಂತ ಬರೆದಳು. ಅಳಿಯ ‘ಮಾವ ಹೇಳಿದಂತೆ’ ಅಂದ. ಕೆಳಗಿನ ಔಷಧಿ ಅಂಗಡಿಯವನು ‘ಡಾಕ್ಟರು ಹೇಳಿದಂತೆ’ ಅಂದ. ಹೆಂಡತಿ ‘ಸಾಕು, ಮಾಡಿಸಿ’ ಅಂತ ಗೀಚಿದಳು. ಎಲ್ಲರೂ ಒಪ್ಪಿದ್ದಾರೆ ಅಂದರೆ ಯಾರೂ ಸರಿಯಾಗಿ ಓದಿಲ್ಲ ಅಂತಲೇ ಅರ್ಥ ಎಂದುಕೊಂಡು, ಸಾಹೇಬರು ಫೈಲನ್ನು ಮರುಪರಿಶೀಲನೆಗೆ ಕಳಿಸಿದರು!

“ಇನ್ನೂ ಎಷ್ಟು ದಿನ ಮೀನಮೇಷ ಎಣಿಸ್ತೀರಿ? ಹೂಂ ಅನ್ನಿ, ಇಲ್ಲ ಉಹೂಂ ಅನ್ನಿ,” ಅಂತ ಹೆಂಡತಿ ರೇಗಿದಳು.

“ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಕಣೇ ಜವಾಬ್ದಾರಿ?”

ಹೀಗೇ ಒಂದೂವರೆ ವರ್ಷ ಕಳೆಯಿತು. ಒಂದು ಬೆಳಿಗ್ಗೆ ಗೂಡಿನಲ್ಲಿ ಹಾಸಿದ್ದ ಕಾಗದದ ಮೇಲೆ ರಕ್ತ. ಸಾಹೇಬರ ಜೀವ ಬಾಯಿಗೆ ಬಂತು. ಫೈಲನ್ನು ಒಂದು ಕಂಕುಳಲ್ಲಿ, ಪುಟ್ಟಿಯನ್ನು ಇನ್ನೊಂದರಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ಓಡಿದರು. ಡಾಕ್ಟರಮ್ಮ ಸಹಿಗೆ ಕಾಗದ ನೂಕಿದರು. ಸಾಹೇಬರು ಓದದೆ ಸಹಿ ಹಾಕಿದರು.

ಎರಡು ಗಂಟೆ ಕಳೆದ ಮೇಲೆ ಡಾಕ್ಟರಮ್ಮ ಹೊರಗೆ ಬಂದರು. “ಸದ್ಯಕ್ಕೆ ಜೀವ ಉಳಿದಿದೆ. ಆದರೆ ಗಡ್ಡೆ ಶ್ವಾಸಕೋಶಕ್ಕೂ ಹರಡಿದೆ. ಇನ್ನೇನಿದ್ರೂ ಒಂದೆರಡು ತಿಂಗಳು. ಅವತ್ತೇ ಮಾಡಿಸಬಹುದಿತ್ತಲ್ಲ, ಯಾರು ಬೇಡ ಅಂದಿದ್ದು?”

ಸಾಹೇಬರು ಫೈಲು ತೆರೆದು ಒಂದೊಂದೇ ಹಾಳೆ ತಿರುವಿದರು.

“ಯಾರೂ ಬೇಡ ಅಂದಿಲ್ಲ ಡಾಕ್ಟ್ರೇ,” ಅಂದರು. “ನಾನು ಹೂಂ ಅನ್ನಲಿಲ್ಲ.”