ಬಾಗಿಲಿಲ್ಲದ ಪೆಟ್ಟಿಗೆ

ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ಬಸ್ಸಿನಲ್ಲಿ ನನ್ನ ಮಡಿಲಲ್ಲಿದ್ದ ಟವೆಲಿನ ಗಂಟು ನೋಡಿ ಪಕ್ಕದ ಸೀಟಿನ ಹೆಂಗಸು, "ಕೂಸಿಗೆ ಒಂಚೂರು ಗಾಳಿ ಆಡ್ಲಿ ಬಿಡ್ರಿ, ಮಾರಿನೂ ಮುಚ್ಚೀರಲ್ಲ" ಎಂದರು. ಕೂಸಲ್ಲ ಎಂದು ತೋರಿಸಲು ಟವೆಲು ಸರಿಸಿದೆ. ಒಳಗಿದ್ದದ್ದು ಹನ್ನೆರಡು ಇಂಚಿನ ಸ್ಪೀಕರು. ಅದರ ಕಪ್ಪು ಕಾಗದದ ಬೋಗುಣಿ, ಬೆನ್ನಿಗಂಟಿದ ತೆಂಗಿನಕಾಯಿಯಷ್ಟು ದಪ್ಪದ ಅಯಸ್ಕಾಂತ, ನೇತಾಡುವ ಎರಡು ವೈರು, ಇವನ್ನೆಲ್ಲ ನೋಡಿದ ಅವರು ಕಿಟಕಿಯ ಕಡೆ ಜರುಗಿ ಕೂತರು.

ನನ್ನ ಚಿಂತೆ ಬೇರೆ ಇತ್ತು. ಅಯಸ್ಕಾಂತ ನನ್ನ ಎ.ಟಿ.ಎಂ. ಕಾರ್ಡನ್ನು ಕೆಡಿಸಿಬಿಟ್ಟರೆ? ಪ್ಯಾಂಟಿನ ಕಿಸೆಯಲ್ಲಿದ್ದ ಕಾರ್ಡನ್ನು ಅಂಗಿಯ ಕಿಸೆಗೆ ಬದಲಿಸಿದೆ. ಅದೂ ಹತ್ತಿರವೇ ಅನ್ನಿಸಿತು. ತೆಕ್ಕಲಕೋಟೆ ಬರುವ ಹೊತ್ತಿಗೆ ಕಾರ್ಡು ನನ್ನ ಎಡಗಾಲಿನ ಸಾಕ್ಸಿನೊಳಗಿತ್ತು. ಐವತ್ತು ದಾಟಿದ ಕಾಮರ್ಸ್ ಮೇಷ್ಟ್ರು ನಾನು. ವಿದ್ಯುತ್ತಿನ ಬಗ್ಗೆ ನನಗೆ ಗೊತ್ತಿರುವುದು ಅದನ್ನು ಮುಟ್ಟಬಾರದು ಎಂಬುದೊಂದೇ. ಇಂಥವನು ಮನೆಯಲ್ಲಿ ಸ್ವಂತ ಕೈಯಿಂದ ಹೋಮ್ ಥಿಯೇಟರ್ ಕಟ್ಟುತ್ತೇನೆಂದು ಹೊರಟಿದ್ದೆ.

ಸ್ಪೀಕರು ನನ್ನ ಸೋದರಮಾವನದು. ಸಿರುಗುಪ್ಪದಲ್ಲಿ ಮೂವತ್ತು ವರ್ಷದ ಮೇಲೆ ಮೈಕ್ ಸೆಟ್ ಅಂಗಡಿ ನಡೆಸಿದವನು. ಮದುವೆ, ಬಯಲಾಟ, ಎಲೆಕ್ಷನ್ ಭಾಷಣ, ಎಲ್ಲಕ್ಕೂ ಅವನೇ ಬೇಕಿತ್ತು. ಎರಡು ಓಣಿ ಆಚೆ ನಿಂತು, ನಾಲ್ಕು ಹಾರ್ನ್‌ಗಳಲ್ಲಿ ಯಾವುದರ ಗಂಟಲು ಕಟ್ಟಿದೆ ಎಂದು ಹೇಳುತ್ತಿದ್ದ. ಈ ಹನ್ನೆರಡು ಇಂಚಿನದರ ಕಾಗದ ಒಮ್ಮೆ ಹರಿದಾಗ ತನ್ನ ಹಳೆಯ ದೋತರದ ತುಂಡು ಕತ್ತರಿಸಿ ಅಂಟಿಸಿದ್ದ. ಆ ತೇಪೆ ಇವತ್ತಿಗೂ ಬೆರಳುಗುರಿನಷ್ಟೂ ಎದ್ದಿಲ್ಲ. ಅಂಗಡಿ ಮುಚ್ಚಿದಾಗ ಎಲ್ಲ ಮಾರಿ ಇದೊಂದನ್ನು ಉಳಿಸಿಕೊಂಡಿದ್ದ.

ಅಂಗಡಿ ಮುಚ್ಚಿದ್ದು ಕಿವಿಯ ದೆಸೆಯಿಂದ. ಕಿವಿಯೊಳಗಿನ ಸಣ್ಣ ಎಲುಬುಗಳು ಬಿಗಿದುಕೊಂಡಿವೆ, ಸದ್ದು ದಾಟುತ್ತಿಲ್ಲ ಎಂದರು ಡಾಕ್ಟರು. ಆಪರೇಷನ್ ಎಂದರೆ ಮಾವ ಒಲ್ಲೆ ಎಂದ. ಕಿವಿಗೆ ಹಾಕುವ ಮಿಷನ್ ಕೊಟ್ಟರೆ ಎರಡು ದಿನ ಹಾಕಿ, "ಅಕ್ಕಿ ಗಿರಣ್ಯಾಗ ತಲಿ ಇಟ್ಟಂಗ ಆಗತೈತಿ" ಎಂದು ಡಬ್ಬಿಗೆ ವಾಪಸು ಇಟ್ಟ. ಕಿವಿಗೆ ಬಾಯಿ ಹಚ್ಚಿ ಕೂಗಿದರೆ ಕೇಳುತ್ತದೆ, ಅಷ್ಟೇ.

ನಮ್ಮ ಮನೆಗೆ ಬಂದಾಗ ಟಿ.ವಿ.ಯಲ್ಲಿ ಪಿಚ್ಚರ್ ಹಾಕುತ್ತಿದ್ದೆವು. ತಮಾಷೆಯ ಮಾತು ಬಂದು ನಾವು ನಕ್ಕರೆ ಮಾವ ನಮ್ಮ ಮುಖ ನೋಡಿ ಒಂದು ಸೆಕೆಂಡು ತಡವಾಗಿ ನಗುತ್ತಿದ್ದ. ಹತ್ತು ನಿಮಿಷ ಹೀಗೆ ನಕ್ಕು, "ಗಿಡಕ್ಕ ನೀರ ಹಾಕಿ ಬರ್ತೀನಿ" ಎಂದು ಎದ್ದು ಹೋಗುತ್ತಿದ್ದ. ನಮ್ಮ ಹಿತ್ತಲಲ್ಲಿರುವುದು ಒಂದೇ ಕರಿಬೇವಿನ ಗಿಡ. ಅದಕ್ಕೆ ಅಷ್ಟು ನೀರು ಬೇಕಾಗಿರಲಿಲ್ಲ. ಆ ಒಂದು ಸೆಕೆಂಡು ನನ್ನನ್ನು ತಿನ್ನುತ್ತಿತ್ತು. ಮಾವ ಒಂದು ಪಿಚ್ಚರ್ ಕೊನೆಯವರೆಗೆ ಕೂತು ನೋಡಬೇಕು, ಇಷ್ಟೇ ನನಗೆ ಬೇಕಿದ್ದದ್ದು. ಮಾತು ಕೇಳದಿದ್ದರೂ ಸದ್ದು ಮೈಗಾದರೂ ತಾಗಲಿ ಎಂದು, ನೆಲ ಅದುರಿಸುವ ದಪ್ಪ ಸದ್ದಿನ ಸಬ್‌ವೂಫರ್ ಮಾಡುವ ಯೋಚನೆ ಹೊಳೆಯಿತು. ಹೇಳಿದಾಗ ಮಾವ ಮಂಚದ ಕೆಳಗಿನಿಂದ ಈ ಸ್ಪೀಕರು ತೆಗೆದು ಕೊಟ್ಟ.

"ಸುಟ್ಟಗಿಟ್ಟೀಯಲೇ ಅಳಿಯಾ. ಇದರ ಜೋಡಿ ಇನ್ನ ಯಾವೂರಾಗೂ ಸಿಗೂದಿಲ್ಲ."

ಆ ಮಾತು ಕೇಳಿದ ಮೇಲೆ ಮೂರು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ.

ಪೆಟ್ಟಿಗೆಗೆಂದು ಕುರುಗೋಡಿನ ಬಡಗಿಯೊಬ್ಬರ ಹತ್ತಿರ ಹೋದೆ. ಬಾಗಿಲು, ತೊಟ್ಟಿಲು, ದೇವರ ಮಂಟಪ ಮಾಡುವವರು. ಯೂಟ್ಯೂಬ್ ನೋಡಿ ಬರೆದುಕೊಂಡ ಅಳತೆ ಕೊಟ್ಟೆ: ಮುಂದಿನ ಮೂರು ಸಣ್ಣ ಪೆಟ್ಟಿಗೆ, ಒಂದು ದೊಡ್ಡ ಸಬ್‌ವೂಫರಿನ ಪೆಟ್ಟಿಗೆ. ಎಲ್ಲವನ್ನೂ ಮುಕ್ಕಾಲು ಇಂಚಿನ ಪ್ಲೈವುಡ್‌ನಲ್ಲಿ ಮಾಡಬೇಕು, ಎಲ್ಲಿಯೂ ಗಾಳಿ ಸೋರಬಾರದು. ಅವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಬಾಗ್ಲಾ ಎಲ್ಲಿ ಇಡ್ಲಿ ಸರ?"

"ಬಾಗಿಲಿಲ್ಲ ಆಚಾರ್ರೇ."

"ಮತ್ತ ಒಳಗ ಏನ ಇಡ್ತೀರಿ?"

"ಏನೂ ಇಡಲ್ಲ. ಬರೀ ಗಾಳಿ."

ಅವರು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಕೆಳಗಿಟ್ಟರು. "ನಲವತ್ತ ವರ್ಷ ಆತ್ರಿ ಈ ಕೆಲಸಕ್ಕ. ಗಾಳಿ ತುಂಬಾಕ ಪೆಟಿಗಿ ಮಾಡಸ್ದವರು ನೀವ ಮೊದಲನೇದವರು. ಇರ್ಲಿ ಬಿಡ್ರಿ, ಮೇಷ್ಟ್ರದೀರಿ, ಏನರ ಓದಿರ್ತೀರಿ."

ನಾನು ಓದಿರಲಿಲ್ಲ, ನೋಡಿದ್ದೆ. ಆದರೆ ಅವರ ಕೆಲಸ ನೋಡಿ ದಂಗಾದೆ. ಹಲಗೆಯ ಅಂಚಿಗೆ ಹಲಗೆ ಕೂರಿಸಿದರೆ ನಡುವೆ ಪೋಸ್ಟ್ ಕಾರ್ಡು ಕೂಡ ತೂರುತ್ತಿರಲಿಲ್ಲ. ಸ್ಪೀಕರು ಕೂರುವ ದುಂಡು ತೂತನ್ನು ಕಣ್ಣಳತೆಯಲ್ಲೇ ಕೊಯ್ದರು. ನನ್ನ ಟೇಪು ಹಿಡಿದು ನೋಡಿದರೆ ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಇಲ್ಲ. ಆದರೂ ನಾನು ನಾನೇ. "ಗಾಳಿ ಸೋರಲ್ಲ ತಾನೇ?" ಎಂದು ನಾಲ್ಕನೇ ಸಲ ಕೇಳಿದ್ದಕ್ಕೆ ಅವರು ಒಳಗೆ ಹೋಗಿ, ದೇವರ ಮುಂದಿನ ಊದುಬತ್ತಿ ಕಡ್ಡಿ ತಂದರು. ನಾನು ಜೊತೆಗೆ ತಂದಿದ್ದ ಮಾವನ ಸ್ಪೀಕರನ್ನು ತೂತಿಗೆ ಕೂರಿಸಿ, ಅದರ ಕಾಗದವನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ಬಿಡಲು ನನಗೆ ಹೇಳಿ, ಪೆಟ್ಟಿಗೆಯ ಒಂದೊಂದೇ ಅಂಚಿಗೆ ಊದುಬತ್ತಿ ಹಿಡಿಯುತ್ತ ಸುತ್ತ ಬಂದರು. ಮೂರು ಮೂಲೆಯಲ್ಲಿ ಹೊಗೆ ನೆಟ್ಟಗೆ ಏರಿತು. ನಾಲ್ಕನೆಯದರಲ್ಲಿ ಕೂದಲೆಳೆಯಷ್ಟು ಬಾಗಿತು.

"ಪರವಾಗಿಲ್ಲ ಬಿಡಿ" ಎಂದೆ, ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ.

"ನಿಮಗ ಪರವಾಗಿಲ್ರಿ ಸರ. ನನಗೈತಿ" ಎಂದು ಅವರು ಆ ಮೂಲೆಯನ್ನು ಪೂರ್ತಿ ಬಿಚ್ಚಿ, ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ, ಮತ್ತೆ ಕೂರಿಸಿದರು. ಆ ದಿನ ಅವರಿಗೆ ಮಧ್ಯಾಹ್ನದ ಊಟವೂ ತಪ್ಪಿತು.

ಉಳಿದ ಸಾಮಾನು ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಗಳಲ್ಲಿ ಸಿಕ್ಕಿತು. ಆಂಪ್ಲಿಫೈಯರ್ ಬೋರ್ಡು, ವೈರು, ಸಣ್ಣ ಸ್ಪೀಕರುಗಳನ್ನು ಕೊಂಡೆ. ಪೆಟ್ಟಿಗೆಯೊಳಗೆ ಸದ್ದು ಗುಂಯ್‌ಗುಡದಂತೆ ಬಿಳಿಯ ಹತ್ತಿಯಂಥದ್ದೇನನ್ನೋ ತುಂಬಬೇಕೆಂದು ವಿಡಿಯೋದಲ್ಲಿ ತೋರಿಸಿದ್ದರು. ಅದು ನಮ್ಮಲ್ಲಿ ಸಿಗಲಿಲ್ಲ. ಆದರೆ ಬಳ್ಳಾರಿಯವನಿಗೆ ಅದೂ ಒಂದು ಚಿಂತೆಯೇ? ಓಣಿಗೊಂದು ಜೀನ್ಸ್ ಹೊಲಿಯುವ ಯೂನಿಟ್ ಇರುವ ಊರು. ಒಂದು ಗೋಣಿಚೀಲದ ತುಂಬ ಕಟಿಂಗ್ ಚೂರು ತಂದು, ಇಷ್ಟು ಸಾಕೋ ಸಾಲದೋ ಎಂಬ ಅಳುಕಿನಲ್ಲಿ ಎರಡರಷ್ಟು ತುರುಕಿ, ಸ್ಪೀಕರು ಬಿಗಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಮನೆಯಾಕೆ ನೋಡಿ, "ನಿಮ್ಮ ಪ್ಯಾಂಟಿಗೆ ತೇಪಿ ಹಚ್ಚಾಕ ಬರೂದಿಲ್ಲ, ಪೆಟಿಗಿಗೆ ಜೀನ್ಸ್ ತೊಡಸ್ತೀರೇನ್ರಿ?" ಎಂದಳು.

ಭಾನುವಾರ ಮಧ್ಯಾಹ್ನ ಮಾವ ಬಂದ. ಹೋಳಿಗೆ ಊಟ ಆಯಿತು. ಒಂದು ಹಳೆಯ ನಗೆ ಪಿಚ್ಚರ್ ಹಾಕಿ, ಮೆಲ್ಲಗೆ ವಾಲ್ಯೂಮ್ ಏರಿಸಿದೆ. ಮೊದಲ ಬಡಿತಕ್ಕೇ ನೆಲ ಅದುರಿತು, ಮಾವನ ಮುಖ ಅರಳಿತು. ಎರಡನೆಯ ಬಡಿತಕ್ಕೆ ಸಬ್‌ವೂಫರಿನೊಳಗಿನಿಂದ 'ಝರ್ರ್' ಎಂದು ಬಂತು. ಮೂರನೆಯದಕ್ಕೂ ಅದೇ ಝರ್ರ್.

ತೇಪೆ ಹರಿದಿದೆ. ಇದರ ಜೋಡಿ ಯಾವೂರಲ್ಲೂ ಸಿಗುವುದಿಲ್ಲ. ಕರೆಂಟಿನ ಪ್ಲಗ್ಗನ್ನೇ ಕಿತ್ತೆ. ಮಾವನಿಗೆ ಆ ಸದ್ದು ಕೇಳಿಸಿರಲಿಲ್ಲ. ನನ್ನ ಮುಖ ಕಂಡಿತ್ತು.

"ಯಾಕಲೇ, ಯಾರ ಸತ್ರು?"

ಕಿವಿಗೆ ಬಾಯಿ ಹಚ್ಚಿ ಹೇಳಿದೆ. "ಹರಿದೈತಿ ಮಾವ! ನಿನ್ನ ಸ್ಪೀಕರ್ ಹರಿದೀನಿ!"

"ಹಾಕು ಮತ್ತ."

"ಇನ್ನೂ ಹರಿತೈತಿ!"

"ಹಾಕಲೇ ಅಂದ್ರ."

ಮಾವ ಎದ್ದು ಹೊರಗೆ ಹೋದ. ಕರಿಬೇವಿಗೆ ನೀರು ಹಾಕಲು ಹೋದನೆಂದೇ ಅಂದುಕೊಂಡೆ. ಆದರೆ ಎದುರುಮನೆಯ ಬೇವಿನ ಮರದಿಂದ ಗೇಣುದ್ದದ ಕಡ್ಡಿಯೊಂದನ್ನು ಮುರಿದುಕೊಂಡು ವಾಪಸು ಬಂದ. ನಾನು ಪ್ಲಗ್ಗನ್ನು ಮತ್ತೆ ಚುಚ್ಚಿದೆ. ಅವನು ಸಬ್‌ವೂಫರಿನ ಮುಂದೆ ಮಂಡಿಯೂರಿ, ಕಡ್ಡಿಯ ಒಂದು ತುದಿಯನ್ನು ಪೆಟ್ಟಿಗೆಗೆ ಊರಿ ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿದ.

ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಮೆಕ್ಯಾನಿಕ್‌ಗಳು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಯಾವ ಬೇರಿಂಗ್ ಹೋಗಿದೆ ಎಂದು ಕೇಳುವುದನ್ನು ನಾನೂ ನೋಡಿದ್ದೇನೆ. ಹಲ್ಲಿನಿಂದ ಕೇಳುವುದನ್ನು ನೋಡಿರಲಿಲ್ಲ. ನನ್ನ ಬಾಯಿ ತೆರೆದಿದ್ದು ನೋಡಿ ಮಾವ ಕಡ್ಡಿ ತೆಗೆದು, "ನನಗ ಕಿವಿ ಎಲ್ಲದಾವ? ಹಲ್ಲದಾವ" ಎಂದು ಮತ್ತೆ ಕಚ್ಚಿಕೊಂಡ. ಬಿಗಿದ ಎಲುಬುಗಳ ದಾರಿ ಬಿಟ್ಟು, ಸದ್ದು ಹಲ್ಲಿನಿಂದ ದವಡೆಯ ಎಲುಬಿಗೆ, ಅಲ್ಲಿಂದ ನೇರ ಕಿವಿಯ ಒಳಕ್ಕೆ ದಾಟುತ್ತದಂತೆ. ಅಂಗಡಿಯ ಕೊನೆಯ ವರ್ಷಗಳಲ್ಲಿ ಗಿರಾಕಿಗಳಿಗೆ ಗೊತ್ತಾಗದ ಹಾಗೆ ಹೀಗೇ ರಿಪೇರಿ ಮಾಡಿದ್ದನಂತೆ. ಹಲ್ಲು ತಿಕ್ಕುತ್ತಿದ್ದಾನೆ ಎಂದುಕೊಂಡಿರಬೇಕು ಜನ.

ಮೇಲೆ, ಪಕ್ಕ, ಹಿಂದೆ ಎಂದು ಕಡ್ಡಿ ಜರುಗಿತು. ಹಿಂದಿನ ಹಲಗೆಯ ನಟ್ಟನಡುವೆ ನಿಂತಿತು.

"ಕಾಗದ ಹರದಿಲ್ಲ. ಕಬ್ಬಣದ್ದೇನೋ ಐತಿ. ಬಿಚ್ಚು."

ಎಂಟು ಸ್ಕ್ರೂ ಬಿಚ್ಚಿ ಸ್ಪೀಕರು ಎತ್ತಿದೆವು. ಅಯಸ್ಕಾಂತದ ಬೆನ್ನಿಗೆ ಅರ್ಧ ಅಂಟಿ, ಅರ್ಧ ಎದ್ದು, ಒಂದು ಜೀನ್ಸ್ ಪ್ಯಾಂಟಿನ ಸೊಂಟದ ಗುಂಡಿ ಕೂತಿತ್ತು. ನಾನು ತುರುಕಿದ ಚೂರಿನಲ್ಲಿ ಗುಂಡಿ ಸಮೇತ ಬಂದ ಪಟ್ಟಿ. ಮಾವ ಅದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟ.

"ತಗೊ. ನಿನ್ನ ಪ್ಯಾಂಟಿಗೆ ಹಚ್ಚಿಕೊ."

ಮನೆಯಾಕೆ ನಗುತ್ತ ನೆಲದ ಮೇಲೇ ಕೂತುಬಿಟ್ಟಳು. ಅರ್ಧ ಚೂರು ಹೊರಗೆ ತೆಗೆದು, ಮತ್ತೆ ಬಿಗಿದೆ. ನೆಲ ಅದುರಿತು, ಝರ್ರ್ ಇಲ್ಲ. ಮಾವ ಕಡ್ಡಿ ಬಿಡದೆ, ಉಳಿದವನ್ನೂ ಒಮ್ಮೆ ನೋಡಿಬಿಡುತ್ತೇನೆಂದು ಎಡಗಡೆಯದಕ್ಕೆ ಊರಿ ತಲೆಯಾಡಿಸಿದ. ಆಮೇಲೆ ನಡುವಿನದಕ್ಕೆ ಊರಿದ. ಪಿಚ್ಚರಿನ ಮಾತೆಲ್ಲ ಬರುವುದು ಆ ನಡುವಿನ ಪೆಟ್ಟಿಗೆಯಿಂದ. ಪರದೆಯ ಮೇಲೆ ಒಬ್ಬ ಅತ್ತೆ ಅಳಿಯನನ್ನು ಬೈಯುತ್ತಿದ್ದಳು.

ಮಾವ ಅಲುಗಾಡಲಿಲ್ಲ. ಕಡ್ಡಿ ಕೆಟ್ಟದ್ದೇನನ್ನೋ ಹಿಡಿದಿದೆ ಎಂದು ಮತ್ತೆ ಪ್ಲಗ್ಗಿನತ್ತ ಕೈ ಚಾಚಿದೆ. ಅಷ್ಟರಲ್ಲಿ ಅತ್ತೆ ಏನೋ ಅಂದಳು, ಮಾವ ಕಡ್ಡಿ ಕಚ್ಚಿಕೊಂಡೇ ಹೊಟ್ಟೆ ಕುಲುಕಿಸಿ ನಕ್ಕ. ನಾನು ನಕ್ಕಿರಲಿಲ್ಲ, ಅವನ ಮುಖ ನೋಡುತ್ತಿದ್ದೆ. ಈ ಸಲ ಒಂದು ಸೆಕೆಂಡು ತಡವಾಗಿ ನಕ್ಕವನು ನಾನು.

"ಕೇಳಸತೈತೇನು ಮಾವ?" ಎಂದು ಕೂಗಿದೆ. ಕೈ ಬೀಸಿ ಸುಮ್ಮನಿರು ಎಂದ. ಆ ದೃಶ್ಯ ಮುಗಿದ ಮೇಲಷ್ಟೇ ಕಡ್ಡಿ ತೆಗೆದ. ಕಣ್ಣು ಒದ್ದೆಯಾಗಿತ್ತು, ನಕ್ಕಿದ್ದಕ್ಕೋ ಮತ್ತೇತಕ್ಕೋ.

"ಆಕಿ ಮಾತು ಮಾತೂ ಬರತೈತಲೇ. ಇಷ್ಟ ವರ್ಷ ಈ ಕಡ್ಡೀಲೆ ಬರೇ ರೋಗ ಹುಡುಕೀನಿ ನೋಡು. ಮಾತು ಕೇಳಬೇಕಂತ ಹೊಳೀಲೇ ಇಲ್ಲ."

ಮನೆಯಾಕೆ ಚಾ ತಂದಳು. "ಇಲ್ಲೇ ಇಡವ್ವಾ, ಕಡ್ಡಿ ತಗದ್ರ ಅವರ ಜಗಳ ತಪ್ಪತೈತಿ" ಎಂದ. ಚಾದ ಮೇಲೆ ಕೆನೆಗಟ್ಟಿತು. ನಡುವಿನ ಪೆಟ್ಟಿಗೆಯ ಪಕ್ಕ ಚಾಪೆ ಹಾಕಿಕೊಂಡು, ಗೋಡೆಗೆ ಭುಜ ಆನಿಸಿ, ಮುಂಜಾನೆ ಹಲ್ಲುಜ್ಜುವವನ ಭಂಗಿಯಲ್ಲಿ ಮಾವ ಪೂರಾ ಪಿಚ್ಚರ್ ನೋಡಿದ. ಕೊನೆಯಲ್ಲಿ ಹೆಸರುಗಳು ಉರುಳಿ ಮುಗಿಯುವವರೆಗೂ ಏಳಲಿಲ್ಲ. ಆ ದಿನ ಕರಿಬೇವಿಗೆ ಯಾರೂ ನೀರು ಹಾಕಲಿಲ್ಲ.

ಹೋಗುವಾಗ ಒಂದೇ ದೂರು ಹೇಳಿದ. "ಪಾಲಿಶ್ ಬಾಳ ನುಣುಪ ಮಾಡ್ಸಿಯಲೇ, ಕಡ್ಡಿ ಜಾರತೈತಿ. ಕುರುಗೋಡಿನಾತಗ ಹೇಳು, ಒಂದ ತೂತು ಹೊಡೀಲಿ."

ತೂತು! ಗಾಳಿ ಸೋರದಿರಲಿ ಎಂದು ಒಬ್ಬ ಮನುಷ್ಯ ಊಟ ಬಿಟ್ಟು ಕೂರಿಸಿದ ಪೆಟ್ಟಿಗೆಗಳು. ಒಂದು ವಾರ ಒದ್ದಾಡಿ ಬಡಗಿಗೆ ಫೋನು ಮಾಡಿದೆ. ಮುಂದಿನ ಭಾನುವಾರ ಮಾವ ಬರುವುದರೊಳಗೆ ಅವರೇ ಬಸ್ಸು ಹತ್ತಿ ಬಂದರು. ಕಡ್ಡಿಯ ಕತೆ ಕೇಳಿ ಪೆಟ್ಟಿಗೆಯ ಮೇಲೆ ಕೈಯಾಡಿಸಿದರು.

"ಅವತ್ತ ಹೇಳಿದ್ನಿಲ್ರಿ ಸರ, ಪೆಟಿಗಿಗೆ ಒಂದ ಬಾಗ್ಲಾ ಬೇಕಂತ?"

ನಡುವಿನ ಪೆಟ್ಟಿಗೆಯ ಮುಕ್ಕಾಲು ಇಂಚಿನ ಹಲಗೆಯಲ್ಲಿ ಅರ್ಧದವರೆಗೆ ಮಾತ್ರ, ಬೇವಿನ ಕಡ್ಡಿಯ ತುದಿ ಕೂರುವಷ್ಟು ಒಂದು ಕುಳಿ ಕೊರೆದರು. ಅಂಚಿಗೆ ಎಣ್ಣೆ ಸವರಿದರು. ನಾನು ಕೇಳುವ ಮೊದಲೇ ಕಿಸೆಯಿಂದ ಊದುಬತ್ತಿ ತೆಗೆದು ಹಚ್ಚಿ ಕುಳಿಯ ಮುಂದೆ ಹಿಡಿದು, ಕಾಗದ ಒತ್ತಲು ನನಗೆ ಸನ್ನೆ ಮಾಡಿದರು. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು.

"ಇನ್ನೊಂದು ಸಲ ನೋಡಿಬಿಡಿ ಆಚಾರ್ರೇ" ಎಂದೆ.